ಬಡತನಕ್ಕೆ ಕಾರಣವೇನು?

ವಿದ್ಯಾರ್ಥಿಗಳೇ, "ನಮ್ಮ ದೇಶದ ಬಡತನಕ್ಕೆ ಕಾರಣವೇನು?" ಎಂಬ ಪ್ರಶ್ನೆಗೆ ಕಳೆದ ಪರೀಕ್ಷೆಯಲ್ಲಿ ನಿಮ್ಮಲ್ಲೊಬ್ಬನು "ರೈತರ ಸೋಮಾರಿತನ ಮತ್ತು ಹಣೆಬರಹ" ಎಂದು ಬರೆದಿದ್ದನು. ಹೆಸರು ಬೇಡ. ಅವನ ತಂದೆಯವರು ಊರಿನ ಹೊಲವನ್ನು ಕಳೆದುಕೊಂಡು ಈ ಮುಂಬಯಿಗೆ ಬಂದವರು. ನಸುಕಿನಲ್ಲಿ ನಾಲ್ಕು ಗಂಟೆಗೆ ಎದ್ದು ದುಡಿಯುವವರು. ನಾನಾದರೂ ಅಭ್ಯಾಸಬಲದಿಂದ ಆ ಉತ್ತರಕ್ಕೆ ಅಂಕ ಕೊಟ್ಟುಬಿಟ್ಟೆನು. ಈ ಪಾಠವು ಆ ತಪ್ಪಿನ ತಿದ್ದುಪಡಿ.

1861ರಲ್ಲಿ ಅಮೇರಿಕದಲ್ಲಿ ಅಂತರ್ಯುದ್ಧವು ಹೊತ್ತಿಕೊಂಡಿತು. ಅಲ್ಲಿಯ ಹತ್ತಿ ಬಾರದಾಗಲು ಇಂಗ್ಲೆಂಡಿನ ಗಿರಣಿಗಳು ನಮ್ಮ ದೇಶದ ಕಡೆಗೆ ನೋಡಿದವು. ಧಾರವಾಡದ ಹತ್ತಿಯು ಕುಮಟಾ ಬಂದರದಲ್ಲಿ ಹಡಗೇರಿ ಮುಂಬಯಿಗೆ ಬರುತ್ತಿದ್ದ ಕಾಲವದು. ಬೆಲೆ ಏರಿತು, ಸಾಹುಕಾರರು ರೈತರಿಗೆ ಕೇಳಿದಷ್ಟು ಸಾಲ ಕೊಟ್ಟರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಆಗ ದಿವಾಳಿಯೆದ್ದ ಮುಂಬಯಿಯ ಶೇರುಪೇಟೆಯ ಶ್ರೀಮಂತರ ಕಥೆಯನ್ನು ಹೇಳುವವರು ಬಹಳ. ದಖ್ಖಣದ ರೈತನ ಕಥೆಯನ್ನು ಹೇಳುವವರು ವಿರಳ.

ಬೆಲೆ ಇಳಿದರೂ ಕಂದಾಯ ಇಳಿಯಲಿಲ್ಲ. 30 ವರ್ಷಗಳ ಅವಧಿ ಮುಗಿದ ಸೀಮೆಗಳಲ್ಲಿ ಸರಕಾರವು ಅದನ್ನು ಶೇಕಡಾ 50ರಿಂದ 100ರ ವರೆಗೆ ಹೆಚ್ಚಿಸಿತು. ಹೊಸ ಸಾಲಕ್ಕೆ ಹಿಂಜರಿದ ಸಾಹುಕಾರನು ಹಳೆಯದನ್ನು ಕೇಳತೊಡಗಿದನು. 1859ರ ಕಾಯಿದೆಯಂತೆ ಸಾಲಪತ್ರಕ್ಕೆ ಮೂರೇ ವರ್ಷಗಳ ಆಯುಷ್ಯ. ಬಡ್ಡಿ ಬೆಳೆಯಬಾರದೆಂದು ಮಾಡಿದ ಕಾಯಿದೆಯದು! ಆದರೆ ಮೂರು ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಕೂಡಿಸಿ ಹೊಸ ಪತ್ರಕ್ಕೆ ರೈತನ ಹೆಬ್ಬೆಟ್ಟು ಒತ್ತಿಸುವ ರೂಢಿ ಬಿದ್ದಿತು. ಪಾಟಿಯ ಮೇಲೆ ಲೆಕ್ಕ ಮಾಡಿ ನೋಡಿರಿ. ಅಸಲು 100 ರೂಪಾಯಿ, ಬಡ್ಡಿ ವರ್ಷಕ್ಕೆ ಶೇಕಡಾ 25 ಎಂದಿಟ್ಟುಕೊಳ್ಳಿರಿ. ಮೂರು ವರ್ಷಕ್ಕೆ 175 ಆಯಿತು. ಆ 175ರ ಮೇಲೆ ಮತ್ತೆ ಮೂರು ವರ್ಷ ಕಳೆದರೆ 306 ರೂಪಾಯಿ 4 ಆಣೆ. ಈ ಆರು ವರ್ಷವೂ ಅವನು ಹೊಲವನ್ನು ಉಳುತ್ತಲೇ ಇದ್ದನು.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಗ್ರಾಮದಲ್ಲಿ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿ ಲೆಕ್ಕದ ಪುಸ್ತಕಗಳನ್ನೂ ಸಾಲಪತ್ರಗಳನ್ನೂ ಸುಟ್ಟರು. ದಖ್ಖಣದ ರೈತರ ಪರಿಹಾರದ ಕಾಯಿದೆ ಬಂದುದು 1879ರಲ್ಲಿ. ಅದರ ನಡುವೆ 1876ರ ಭೀಕರ ಕ್ಷಾಮ.

ಬೆಳೆಯುವವನೊಬ್ಬ, ಬೆಲೆ ಕಟ್ಟುವವನು ಇನ್ನೊಬ್ಬ. 2003ರಲ್ಲಿ ಆಫ್ರಿಕದ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಇದೇ ಹತ್ತಿಯ ದೂರನ್ನು ಒಯ್ದವು: ಸಿರಿವಂತ ದೇಶಗಳು ತಮ್ಮ ರೈತರಿಗೆ ಕೊಡುವ ಸಹಾಯಧನದಿಂದ ಬೆಲೆ ಕುಸಿದು ನಮ್ಮವರು ಕೆಡುತ್ತಿದ್ದಾರೆಂದು.

ಆ ಹುಡುಗನು ಉತ್ತರವನ್ನು ಮತ್ತೊಮ್ಮೆ ಬರೆದು ತರಲಿ. ಅದಕ್ಕೆ ಮುಂಚೆ, ಊರಿನ ಹೊಲ ಹೇಗೆ ಹೋಯಿತೆಂಬುದನ್ನು ತಂದೆಯವರಿಂದ ಕೇಳಿಕೊಂಡು ಬರಲಿ.