ಕಡಲ ತಳದ ಮಿಥೇನ್: ಭಯವೆಷ್ಟು, ನಿಜವೆಷ್ಟು?

ಬೇಸಗೆಯಲ್ಲಿ ಕಪಿಲೆಯ ನೀರು ಇಳಿದಾಗ, ನಂಜನಗೂಡಿನ ಆಸುಪಾಸಿನಲ್ಲಿ ಹೊಳೆಯಂಚಿನ ಮಡುಗಳು ಹರಿವಿಲ್ಲದೆ ನಿಂತುಬಿಡುತ್ತವೆ. ಅಂತಹ ಮಡುವಿನ ಕೆಸರಿಗೆ ಉದ್ದನೆಯ ಕೋಲನ್ನು ಊರಿ ಕದಡಿದರೆ ಗುಳುಗುಳನೆ ಗುಳ್ಳೆಗಳು ಮೇಲೇಳುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಗಾಳಿಯ ಸಂಪರ್ಕವಿಲ್ಲದ ಕೆಸರಿನಲ್ಲಿ ಎಲೆ, ಹುಲ್ಲು, ಕಸಕಡ್ಡಿಗಳನ್ನು ಸೂಕ್ಷ್ಮಜೀವಿಗಳು ಕೊಳೆಯಿಸುವಾಗ ಹುಟ್ಟುವ ಈ ಅನಿಲದಲ್ಲಿ ಮುಖ್ಯವಾದುದು ಮಿಥೇನ್. ನಮ್ಮ ಹಳ್ಳಿಗಳ ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಇದೇ. ಮುಂದೆ ವಿದ್ಯುತ್ ಕೋಶವನ್ನು ನಿರ್ಮಿಸಿ ಪ್ರಸಿದ್ಧನಾದ ವೋಲ್ಟಾ ಎಂಬ ಇಟಲಿಯ ವಿಜ್ಞಾನಿಯು 1776ರಲ್ಲಿ ಮಜೋರೆ ಸರೋವರದ ಅಂಚಿನಲ್ಲಿ ಹೀಗೆಯೇ ಕೆಸರನ್ನು ಕದಡಿ, ಗುಳ್ಳೆಗಳನ್ನು ಹಿಡಿದಿಟ್ಟು, ಅವು ಉರಿಯುವುದನ್ನು ಪರೀಕ್ಷಿಸಿದನು.

ಈ ವಿಷಯವನ್ನು ನಾವು ತರಗತಿಯಲ್ಲಿ ವಿವರಿಸುತ್ತಿದ್ದಾಗ, ತಿರುಮಕೂಡಲು ನರಸೀಪುರದ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಸಾರ್, ಮುಂಬಯಿ ಕಡಲಲ್ಲಿ ಎಣ್ಣೆಬಾವಿ ಕೊರೆಯುತ್ತಾರಲ್ಲ, ಕಡಲ ತಳದಲ್ಲಿರುವ ಈ ಅನಿಲವೆಲ್ಲ ಒಂದೇ ಸಲ ಸಿಡಿದರೆ ಏನು ಗತಿ?" ಎಂದು ಕೇಳಿದನು. ಅವನ ಅಣ್ಣನು ಅಲ್ಲಿಯ ಎಣ್ಣೆ ವೇದಿಕೆಯೊಂದರಲ್ಲಿ ಕೆಲಸಕ್ಕಿರುವನಾದ ಕಾರಣ, ಅದು ಬರಿಯ ಕುತೂಹಲದ ಪ್ರಶ್ನೆಯಾಗಿರಲಿಲ್ಲ. ಆದುದರಿಂದ ಅದಕ್ಕೆ ತಕ್ಕ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಕೊಡಬೇಕೆಂದು ಉದ್ದೇಶಿಸಿದ್ದೇವೆ.

ಭಯದ ಮೂಲ

2010ನೆಯ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಕೊರೆಯುವ ವೇದಿಕೆಯು ಸ್ಫೋಟಗೊಂಡು 11 ಮಂದಿ ಮಡಿದರು. ಅಲ್ಲಿ ಕಡಲಿನ ಆಳ ಸುಮಾರು 1500 ಮೀಟರು. ಬಾವಿಯು ಕಡಲ ತಳದಿಂದ ಇನ್ನೂ ಸುಮಾರು 4000 ಮೀಟರು ಕೆಳಕ್ಕಿಳಿದಿತ್ತು. ಎಣ್ಣೆಯೊಡನೆ ಅಪಾರ ಮಿಥೇನ್ ಸಹ ಹೊರಹೊಮ್ಮಿತು. ಜುಲೈ 15ರಂದು ಬಾವಿಯ ಬಾಯಿಯನ್ನು ಮುಚ್ಚುವವರೆಗೂ ಈ ಪ್ರವಾಹ ನಿಲ್ಲಲಿಲ್ಲ. ಆ ದಿನಗಳಲ್ಲಿ, ಕಡಲ ತಳದ ಅಡಿಯಲ್ಲಿ ಮಿಥೇನಿನ ಮಹಾಗುಳ್ಳೆಯೊಂದು ಬೆಳೆಯುತ್ತಿದೆಯೆಂದೂ, ಅದು ಒಡೆದರೆ ದೈತ್ಯ ಅಲೆಗಳೆದ್ದು ಕರಾವಳಿಯೇ ಕೊಚ್ಚಿಹೋಗುವುದೆಂದೂ ವದಂತಿ ಹಬ್ಬಿತು. ಬಹು ಪುರಾತನ ಕಾಲದ ಜೀವನಾಶಗಳಿಗೆ ಕಡಲಿನಿಂದ ಚಿಮ್ಮಿದ ಮಿಥೇನ್ ಕಾರಣವಾಗಿದ್ದಿರಬಹುದೆಂದು ಗ್ರೆಗರಿ ರಿಸ್ಕಿನ್ ಎಂಬ ವಿಜ್ಞಾನಿಯು 2003ರಲ್ಲಿ ಮುಂದಿಟ್ಟಿದ್ದ ಊಹೆಯು ಈ ವದಂತಿಗೆ ಆಧಾರವಾಯಿತು. ಆದರೆ ಆ ಊಹೆಯಲ್ಲಿ, ದೀರ್ಘಕಾಲ ಕದಡದೆ ನಿಂತ ಕಡಲಿನ ನೀರಿನಲ್ಲಿ ಅನಿಲವು ಕೂಡುತ್ತ ಬಂದಿರಬೇಕು. ಒಂದು ಬಾವಿಯ ಅಪಘಾತಕ್ಕೂ ಅದಕ್ಕೂ ಹೋಲಿಕೆಯಿಲ್ಲ.

ಉರಿಯುವ ಹಿಮ

ಕಡಲ ತಳದ ಮಿಥೇನಿನಲ್ಲಿ ಬಹುಪಾಲು ಗುಳ್ಳೆಗಳ ರೂಪದಲ್ಲಿಲ್ಲ. ತಣ್ಣನೆಯ ನೀರು, ಹೆಚ್ಚಾದ ಒತ್ತಡ, ಸಾಕಷ್ಟು ಮಿಥೇನ್, ಈ ಮೂರೂ ಕೂಡಿದ ಕಡೆ ನೀರಿನ ಅಣುಗಳು ಪಂಜರದಂತೆ ಜೋಡಣೆಗೊಂಡು ಒಳಗೆ ಮಿಥೇನ್ ಅಣುಗಳನ್ನು ಸೆರೆಹಿಡಿಯುತ್ತವೆ. ಹೀಗಾದ ಹಿಮದಂತಹ ಘನವಸ್ತುವಿಗೆ ಮಿಥೇನ್ ಹೈಡ್ರೇಟ್ ಎಂದು ಹೆಸರು. ಇದರ ಒಂದು ಘನಮೀಟರಿನಿಂದ, ನಮ್ಮ ಸುತ್ತಣ ಗಾಳಿಯ ಒತ್ತಡದಲ್ಲಿ, ಸುಮಾರು 160 ಘನಮೀಟರು ಅನಿಲ ದೊರೆಯುತ್ತದೆ. ಬೆಂಕಿ ತಾಕಿಸಿದರೆ ಹಿಮವೇ ಹೊತ್ತಿಕೊಂಡಂತೆ ಕಾಣುವುದು.

ನಮ್ಮ ದೇಶದ ಕಡಲುಗಳಲ್ಲಿಯೂ ಇದನ್ನು ಅರಸಲಾಗಿದೆ. 2006ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಎಂಬ ಹಡಗು ಭಾರತದ ಸುತ್ತಣ ಕಡಲುಗಳಲ್ಲಿ ಬಾವಿಗಳನ್ನು ಕೊರೆಯಿತು. ಕೃಷ್ಣಾ-ಗೋದಾವರಿ ಮುಖದ ಎದುರಿನ ಕಡಲಿನಲ್ಲಿ ಒಂದೆಡೆ 128 ಮೀಟರು ದಪ್ಪದ ಪದರದಲ್ಲಿ ಹೈಡ್ರೇಟ್ ದೊರಕಿತು. ಪಶ್ಚಿಮದಲ್ಲಿ, ಕೊಂಕಣ-ಕೇರಳ ಕಡಲಿನಲ್ಲಿ ಕೊರೆದ ಒಂದು ತಾಣದಲ್ಲಿ ಅದರ ಸುಳಿವು ಸಿಗಲಿಲ್ಲ. ಒಂದೇ ತಾಣದಿಂದ ಇಡೀ ಪಶ್ಚಿಮ ಕಡಲಿನ ವಿಷಯವನ್ನು ನಿರ್ಣಯಿಸಲಾಗದೆಂಬುದನ್ನೂ ಇಲ್ಲಿ ಮರೆಯಬಾರದು.

ಲೆಕ್ಕವು ಏನು ಹೇಳುತ್ತದೆ?

ಸಿಡಿಮದ್ದಿನ ಲಕ್ಷಣವೇನು? ಅದರ ಒಂದು ಭಾಗವು ಹೊತ್ತಿದರೆ ಹೊರಡುವ ಉಷ್ಣವು ಪಕ್ಕದ ಭಾಗವನ್ನು ಹೊತ್ತಿಸುತ್ತದೆ. ಹೀಗೆ ಕ್ರಿಯೆಯು ತನ್ನನ್ನು ತಾನೇ ಮುಂದಕ್ಕೆ ನೂಕಿಕೊಳ್ಳುತ್ತದೆ. ಹೈಡ್ರೇಟಿನ ಸ್ವಭಾವವು ಇದಕ್ಕೆ ತೀರ ವಿರುದ್ಧ. 1 ಗ್ರಾಂ ಮಂಜುಗಡ್ಡೆಯನ್ನು ಕರಗಿಸಲು 80 ಕೆಲೊರಿ ಉಷ್ಣ ಬೇಕು. 1 ಗ್ರಾಂ ಹೈಡ್ರೇಟನ್ನು ನೀರು ಮತ್ತು ಅನಿಲವಾಗಿ ಒಡೆಯಲು 100 ಕೆಲೊರಿಗೂ ಹೆಚ್ಚು ಬೇಕು. ಒಡೆಯುತ್ತಿರುವ ಹೈಡ್ರೇಟು ಈ ಉಷ್ಣವನ್ನು ಸುತ್ತಲಿನ ಕೆಸರಿನಿಂದ ಹೀರಿ ಅದನ್ನು ತಣ್ಣಗೆ ಮಾಡುತ್ತದೆ. ಬಿಡುಗಡೆಯಾದ ಅನಿಲವು ಹೊರಹೋಗಲು ದಾರಿಯಿಲ್ಲದಿದ್ದರೆ ಅಲ್ಲಿಯ ಒತ್ತಡವೂ ಏರುತ್ತದೆ. ತಂಪು, ಒತ್ತಡ ಎರಡೂ ಹೈಡ್ರೇಟನ್ನು ಉಳಿಸುವಂತಹವೇ. ಎಂದರೆ ಈ ಕ್ರಿಯೆಯು ತನಗೆ ತಾನೇ ಕಡಿವಾಣ ಹಾಕಿಕೊಳ್ಳುತ್ತದೆ.

ಕಡಲ ತಳದಲ್ಲಿ ಅನಿಲವು ಹೊತ್ತಿ ಉರಿಯುವುದೂ ಅಸಾಧ್ಯ. ಒಂದು ಅಳತೆ ಮಿಥೇನ್ ಪೂರ್ತಿ ಉರಿಯಲು ಎರಡು ಅಳತೆ ಆಮ್ಲಜನಕ, ಅಂದರೆ ಸುಮಾರು ಹತ್ತು ಅಳತೆ ಗಾಳಿ ಬೇಕು. ಒಂದು ಲೀಟರು ಕಡಲ ನೀರಿನಲ್ಲಿ ಕರಗಿರುವ ಆಮ್ಲಜನಕವೋ ಕೆಲವೇ ಮಿಲಿಲೀಟರು.

ಇನ್ನು ಮೇಲೇರುವ ಗುಳ್ಳೆಗಳ ಮಾತು. ನೀರಿನಲ್ಲಿ ಪ್ರತಿ 10 ಮೀಟರು ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 1500 ಮೀಟರು ಆಳದಲ್ಲಿ ಹುಟ್ಟಿದ ಗುಳ್ಳೆಯು ಹಾಗೆಯೇ ಮೇಲೆ ಬಂದುದಾದರೆ ಸುಮಾರು 150 ಪಾಲು ಹಿಗ್ಗಬೇಕು. ಆದರೆ 2010ರಲ್ಲಿ ಹಾಗಾಗಲಿಲ್ಲ. ಮಿಥೇನಿನಲ್ಲಿ ಬಹುಭಾಗವು ಆಳದ ನೀರಿನಲ್ಲಿಯೇ ಕರಗಿಹೋಯಿತು. ಹಾಗೆ ಕರಗಿದುದನ್ನು ಕಡಲಿನ ಬ್ಯಾಕ್ಟೀರಿಯಗಳು ಕೆಲವು ತಿಂಗಳುಗಳಲ್ಲಿ ತಿಂದು ಮುಗಿಸಿದುವೆಂದು ಅಲ್ಲಿ ಸಂಶೋಧನೆ ನಡೆಸಿದವರು 2011ರಲ್ಲಿ ವರದಿ ಮಾಡಿದರು. ಅವುಗಳ ವೇಗದ ವಿಷಯದಲ್ಲಿ ಇತರ ವಿಜ್ಞಾನಿಗಳು ಸಂದೇಹವನ್ನು ಎತ್ತಿದ್ದುಂಟು.

ಮತ್ತೊಂದು ಸಂಗತಿಯು ಬಹಳ ಸ್ವಾರಸ್ಯವಾದುದು. ಆ ಮೇ ತಿಂಗಳಿನಲ್ಲಿ ಸೋರಿಕೆಯ ಮೇಲೆ ಬೃಹತ್ತಾದ ಉಕ್ಕಿನ ಗೋಪುರವನ್ನು ಬೋರಲು ಹಾಕಿ ಎಣ್ಣೆಯನ್ನು ಹಿಡಿಯಲು ಯತ್ನಿಸಿದರು. ಹೊರಬಂದ ಮಿಥೇನು ತಣ್ಣೀರಿನೊಡನೆ ಸೇರಿ ಹೈಡ್ರೇಟಾಗಿ ಹೆಪ್ಪುಗಟ್ಟಿ ಅದರ ಕೊಳವೆಯನ್ನೇ ಮುಚ್ಚಿಬಿಟ್ಟಿತು. ಸಿಡಿದೀತೆಂದು ಜನ ಅಂಜಿದ್ದ ಅನಿಲವು ಕಡಲ ತಳದಲ್ಲಿ ಹಿಮವಾಗಿ ಕುಳಿತಿತ್ತು!

ಸರೋವರದ ಪಾಠ

ಹಾಗಾದರೆ ನೀರಿನ ತಳದಿಂದ ಅನಿಲವು ಒಮ್ಮೆಗೇ ಚಿಮ್ಮಿ ಜನರನ್ನು ಕೊಂದುದೇ ಇಲ್ಲವೆ? ಉಂಟು. 1986ನೆಯ ಆಗಸ್ಟ್ 21ರ ರಾತ್ರಿ ಆಫ್ರಿಕದ ಕ್ಯಾಮರೂನಿನ ನ್ಯೋಸ್ ಸರೋವರದಿಂದ ಇಂಗಾಲದ ಡೈ ಆಕ್ಸೈಡು ಉಕ್ಕಿ ಹರಿದು ಸುಮಾರು 1700 ಮಂದಿ ಉಸಿರುಕಟ್ಟಿ ಸತ್ತರು. ಗೋಲಿ ಸೋಡದ ಸೀಸೆಯ ಗೋಲಿಯನ್ನು ಒತ್ತಿದೊಡನೆ ನೊರೆಯುಕ್ಕುವುದಷ್ಟೆ? ಅಲ್ಲಿ ನಡೆದುದೂ ಅದೇ. ಆದರೆ ಮಿಥೇನು ನೀರಿನಲ್ಲಿ ಕರಗುವುದು ಆ ಅನಿಲದ 20ನೆಯ ಒಂದು ಭಾಗಕ್ಕಿಂತಲೂ ಕಡಮೆ. ಅಲ್ಲದೆ ನ್ಯೋಸ್ ನಾಲ್ಕೂ ಕಡೆ ದಡವುಳ್ಳ, ಆಳದ ನೀರು ಅಲುಗದೆ ನಿಂತಿದ್ದ ಬಟ್ಟಲು. ತೆರೆದ ಕಡಲಿನಲ್ಲಿಯಾದರೋ ಪ್ರವಾಹಗಳು ಕರಗಿದ ಅನಿಲವನ್ನು ದೂರ ದೂರಕ್ಕೆ ಹರಡಿ ತೆಳುವಾಗಿಸುತ್ತವೆ.

ಕಡಲ ತಳದ ಇಳಿಜಾರುಗಳು ಕುಸಿದು ಅಲೆಗಳೆದ್ದುದೂ ಉಂಟು. ನಾರ್ವೆಯ ಎದುರಿನಲ್ಲಿ ಸುಮಾರು 8000 ವರ್ಷಗಳ ಹಿಂದೆ ಹೀಗಾಯಿತು. ಹೈಡ್ರೇಟು ಒಡೆದುದೇ ಇದಕ್ಕೆ ಕಾರಣವೆಂದು ಮೊದಲು ಕೆಲವರು ಭಾವಿಸಿದ್ದರು. ಹಿಮಯುಗವು ತಂದು ಸುರಿದ ಮಣ್ಣಿನ ಭಾರ ಮತ್ತು ಭೂಕಂಪ ಮುಖ್ಯ ಕಾರಣಗಳೆಂಬುದು ಅನಂತರದ ಅಭಿಪ್ರಾಯ.

ನಿಜವಾದ ಅಪಾಯ

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಅವನ ಅಣ್ಣನಿರುವ ಬಾಂಬೆ ಹೈ ಪ್ರದೇಶದಲ್ಲಿ ಕಡಲಿನ ಆಳ 100 ಮೀಟರಿಗಿಂತ ಕಡಮೆ; ತಳದ ಒತ್ತಡ ಹತ್ತು ವಾಯುಮಂಡಲದಷ್ಟೂ ಇರದು. 4 ಡಿಗ್ರಿಯಷ್ಟು ತಣ್ಣನೆಯ ನೀರಿನಲ್ಲಿಯೂ ಹೈಡ್ರೇಟು ನಿಲ್ಲಬೇಕಾದರೆ ಸುಮಾರು 40 ವಾಯುಮಂಡಲದ ಒತ್ತಡ ಬೇಕು. ಆ ಬೆಚ್ಚನೆಯ ತಳದಲ್ಲಿ ಅದು ಇರಲಾರದು. ಇಲ್ಲದ ವಸ್ತುವು ಸಿಡಿಯುವುದೆಂತು?

ಹಾಗೆಂದು ಅಲ್ಲಿ ಅಪಾಯವೇ ಇಲ್ಲವೆಂದು ತಿಳಿಯಬಾರದು. 2005ನೆಯ ಜುಲೈ 27ರಂದು ಬಾಂಬೆ ಹೈನಲ್ಲಿ ಹಡಗೊಂದು ವೇದಿಕೆಯ ಕೊಳವೆಗೆ ತಾಕಿ, ಸೋರಿದ ಅನಿಲಕ್ಕೆ ಬೆಂಕಿ ಹತ್ತಿ 22 ಮಂದಿ ಪ್ರಾಣ ಕಳೆದುಕೊಂಡರು. ಗಾಳಿಯಲ್ಲಿ ಮಿಥೇನು ನೂರಕ್ಕೆ 5ರಿಂದ 15ರಷ್ಟು ಬೆರೆತಾಗ ಒಂದು ಕಿಡಿ ಸಾಕು. 2010ರಲ್ಲಿಯೂ ಪ್ರಾಣಹಾನಿಯಾದುದು ಕಡಲ ತಳದಲ್ಲಲ್ಲ, ಗಾಳಿಯಿರುವ ವೇದಿಕೆಯ ಮೇಲೆ. ಬಾವಿಯ ಸಿಮೆಂಟು ಅನಿಲವನ್ನು ತಡೆಹಿಡಿಯಲಿಲ್ಲ. ಒತ್ತಡದ ಪರೀಕ್ಷೆಯು ಎಚ್ಚರಿಕೆ ಕೊಟ್ಟರೂ ಅಲ್ಲಿದ್ದವರು ಅದನ್ನು ತಪ್ಪಾಗಿ ಅರ್ಥಮಾಡಿದರು. ಕೊನೆಗೆ ಬಾವಿಯನ್ನು ಮುಚ್ಚಬೇಕಾಗಿದ್ದ ಯಂತ್ರವೂ ಕೈಕೊಟ್ಟಿತು.

ಮಿಥೇನಿನಿಂದ ಇನ್ನೊಂದು ನಿಧಾನವಾದ ಕೆಡುಕೂ ಇದೆ. ವಾಯುಮಂಡಲವನ್ನು ಸೇರಿದ ಮಿಥೇನು, ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈ ಆಕ್ಸೈಡಿಗಿಂತ 25 ಪಾಲಿಗೂ ಮಿಗಿಲಾಗಿ ಭೂಮಿಯನ್ನು ಕಾಯಿಸುತ್ತದೆ. ಎಣ್ಣೆಬಾವಿಗಳು, ಸೋರುವ ಕೊಳವೆಗಳು ಮಾತ್ರವಲ್ಲ, ಕಬಿನಿ ನಾಲೆಯ ಕೆಳಗೆ ನೀರು ಕಟ್ಟಿದ ನಮ್ಮ ಭತ್ತದ ಗದ್ದೆಗಳೂ ಇದಕ್ಕೆ ತಮ್ಮ ಪಾಲನ್ನು ಸೇರಿಸುತ್ತಿವೆ.

ಆದಕಾರಣ ಆ ವಿದ್ಯಾರ್ಥಿಗೆ ನಾವು ಹೇಳಿದುದು ಇಷ್ಟೆ: "ನಿಮ್ಮ ಅಣ್ಣನವರು ಕಡಲು ಸಿಡಿದೀತೆಂದು ಹೆದರಬೇಕಾಗಿಲ್ಲ. ಅಲ್ಲಿಯ ಒತ್ತಡಮಾಪಕವನ್ನು ಯಾರು ಓದುತ್ತಾರೆ, ಅದು ಹೇಳುವುದನ್ನು ನಂಬುತ್ತಾರೆಯೆ ಎಂಬುದನ್ನು ಮಾತ್ರ ವಿಚಾರಿಸಲಿ." ಅವನು ಒಂದು ಗಳಿಗೆ ಸುಮ್ಮನಿದ್ದು, ಈ ಮಾತನ್ನು ಅಣ್ಣನಿಗೆ ತಿಳಿಸುವೆನೆಂದು ಹೇಳಿ ಕುಳಿತುಕೊಂಡನು.