ಮಗುವಿನ ಕೈಬರಹದ ತೊಂದರೆ: ಪುಣೆಯ ಕೋಥರೂಡಿನ ಕನ್ನಡ ಪೋಷಕರು ತಿಳಿದಿರಬೇಕಾದ ಕಾನೂನು

ಪಾಠವನ್ನು ಬಾಯಲ್ಲಿ ಸರಾಗವಾಗಿ ಒಪ್ಪಿಸುವ ಮಗು ಅದನ್ನೇ ಬರೆಯಲು ಕುಳಿತಾಗ ಅರ್ಧ ಪುಟಕ್ಕೇ ಸೋಲುತ್ತದೆ. ಅಕ್ಷರ ಗೆರೆ ಬಿಡುತ್ತದೆ, ಕಾಗುಣಿತ ತಪ್ಪುತ್ತದೆ, ಬೆರಳು ನೋಯುತ್ತದೆ. ಇದಕ್ಕೆ ಬೈಗುಳ ಪರಿಹಾರವಲ್ಲ, ತಪಾಸಣೆ ಬೇಕು. ಕಾನೂನು ಹೇಳುವುದೂ ಇದನ್ನೇ.

ಶಾಲೆಯ ಹೊಣೆ

ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಅನುಸೂಚಿಯಲ್ಲಿ ಡಿಸ್‌ಗ್ರಾಫಿಯಾ, ಅಂದರೆ ಬರವಣಿಗೆಯ ನ್ಯೂನತೆಯೂ ಸೇರಿದೆ. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮ ಕೈಗೊಳ್ಳುವುದು ಮಾನ್ಯತೆ ಪಡೆದ ಶಾಲೆಗಳ ಹೊಣೆ ಎನ್ನುತ್ತದೆ 16ನೇ ಕಲಂ. ಕೈಬರಹ ಕೆಟ್ಟದೆಂದು ಹೊಡೆಯುವುದು, ಅವಮಾನಿಸುವುದು ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಕಲಂ ಪ್ರಕಾರ ನಿಷಿದ್ಧ. ತಪಾಸಣೆಗೆ ಶಿಫಾರಸು ಮಾಡುವಂತೆ ಮುಖ್ಯಾಧ್ಯಾಪಕರಿಗೆ ಲಿಖಿತ ಮನವಿ ಕೊಡಿ. ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿಯನ್ನು ಇಟ್ಟುಕೊಳ್ಳಿ.

ತಪಾಸಣೆಯ ಕ್ರಮ

ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಮೂರನೇ ತರಗತಿ ಅಥವಾ ಎಂಟು ವರ್ಷದ ಹೊತ್ತಿಗೆ ಶಿಕ್ಷಕರು ಪ್ರಾಥಮಿಕ ತಪಾಸಣೆ ಮಾಡಬೇಕು. ಬಳಿಕ ಮಕ್ಕಳ ವೈದ್ಯರು ಕಣ್ಣು, ಕಿವಿ, ನರಗಳಲ್ಲಿ ತೊಂದರೆಯಿದೆಯೇ ಎಂದು ನೋಡುತ್ತಾರೆ. ಮನೋವಿಜ್ಞಾನಿ ಬುದ್ಧಿಮತ್ತೆಯನ್ನು ಅಳೆದ ಮೇಲೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಕಲಿಕಾ ನ್ಯೂನತೆಯ ಪರೀಕ್ಷೆ ನಡೆಯುತ್ತದೆ.

ಧಾರವಾಡ, ವಿಜಯಪುರಗಳಿಂದ ಕೋಥರೂಡಿಗೆ ಬಂದ ಮಗುವಿನ ವಿಷಯದಲ್ಲಿ ಒಂದು ಎಚ್ಚರ ಬೇಕು. ಹೊಸದಾಗಿ ಕಲಿಯುತ್ತಿರುವ ಮರಾಠಿಯಲ್ಲಿ ತಡವರಿಸಿದ ಮಾತ್ರಕ್ಕೆ ಅದು ನ್ಯೂನತೆಯಲ್ಲ. ಮೊದಲಿನಿಂದ ಬರೆಯುತ್ತಿದ್ದ ಕನ್ನಡದಲ್ಲೂ ಅದೇ ತೊಂದರೆಯಿತ್ತೇ ಎಂಬುದು ಮುಖ್ಯ. ಆದ್ದರಿಂದ ಹಳೆಯ ಕನ್ನಡ ನೋಟುಪುಸ್ತಕಗಳನ್ನು ಜೊತೆಗೆ ಒಯ್ಯಿರಿ. ಮನೆಮಾತು, ಹಿಂದಿನ ಶಾಲೆಯ ಮಾಧ್ಯಮ ಯಾವುದೆಂದು ತಿಳಿಸಿ.

ಪ್ರಮಾಣಪತ್ರ

ಖಾಸಗಿ ಕ್ಲಿನಿಕ್ಕಿನ ವರದಿ ನೆರವಾದೀತು, ಆದರೆ ಅದೇ ಪ್ರಮಾಣಪತ್ರವಲ್ಲ. ಅದನ್ನು ಕೊಡುವುದು ಸರ್ಕಾರ ಅಧಿಸೂಚಿಸಿದ ವೈದ್ಯಕೀಯ ಪ್ರಾಧಿಕಾರ. ಅರ್ಜಿಯನ್ನು ಕೇಂದ್ರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಆಧಾರ್, ಭಾವಚಿತ್ರ, ವಾಸಸ್ಥಳದ ದಾಖಲೆ ಬೇಕಾಗುತ್ತವೆ. ಕರ್ನಾಟಕದಲ್ಲಿ ಈಗಾಗಲೇ ಪ್ರಮಾಣಪತ್ರ ಪಡೆದಿದ್ದರೆ ಪುಣೆಯಲ್ಲಿ ಅದನ್ನು ತಳ್ಳಿಹಾಕುವಂತಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆಯ 58ನೇ ಕಲಂ ಅದಕ್ಕೆ ದೇಶವಿಡೀ ಮಾನ್ಯತೆ ಕೊಟ್ಟಿದೆ. ಪ್ರಾಧಿಕಾರದ ತೀರ್ಮಾನ ಒಪ್ಪಿಗೆಯಾಗದಿದ್ದರೆ 59ನೇ ಕಲಂ ಪ್ರಕಾರ ಮೇಲ್ಮನವಿ ಸಲ್ಲಿಸಬಹುದು.

ಪರೀಕ್ಷೆಯಲ್ಲಿ ಸಿಗುವ ಅನುಕೂಲ

ಹೆಚ್ಚುವರಿ ಸಮಯ, ಬದಲಿ ಬರಹಗಾರ, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಇವೆಲ್ಲವನ್ನೂ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಕಲಂ ಹೆಸರಿಸಿದೆ. ಹತ್ತನೇ ತರಗತಿಯ ಪರೀಕ್ಷೆ ಹತ್ತಿರವಾಗುವವರೆಗೆ ಕಾಯದೆ ಶಾಲೆಯ ಮೂಲಕ ಮಂಡಳಿಗೆ ಮೊದಲೇ ಅರ್ಜಿ ಕೊಡಿ.

ನ್ಯೂನತೆ ಶೇಕಡಾ 40ಕ್ಕಿಂತ ಕಡಿಮೆ ಎಂದಾಕ್ಷಣ ದಾರಿ ಮುಚ್ಚುವುದಿಲ್ಲ. ಬರೆಯುವಾಗ ಕೈ ಸೆಳೆತ ಬರುತ್ತಿದ್ದ ಅಭ್ಯರ್ಥಿಯೊಬ್ಬರಿಗೆ ಯುಪಿಎಸ್‌ಸಿ ಬದಲಿ ಬರಹಗಾರರನ್ನು ನಿರಾಕರಿಸಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 11ರಂದು ಹಾಗೆಂದೇ ತೀರ್ಪಿತ್ತಿತು. ಅದರ ಫಲವಾಗಿ 2022ರ ಆಗಸ್ಟ್‌ನಲ್ಲಿ ಕೇಂದ್ರ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಉದ್ಯೋಗದ ಪರೀಕ್ಷೆ ಬರೆಯುವ ಯುವಜನರಿಗೂ ಈ ತೀರ್ಪು ಅನ್ವಯಿಸುತ್ತದೆ.

ನಿರಾಕರಿಸಿದರೆ

ಮೊದಲು ನಿರಾಕರಣೆಯ ಕಾರಣವನ್ನು ಬರಹದಲ್ಲಿ ಕೇಳಿ. ಮಹಾರಾಷ್ಟ್ರದ ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿ ಪುಣೆಯಲ್ಲೇ ಇದೆ, ಅಲ್ಲಿ ದೂರು ಕೊಡಬಹುದು. ಮಕ್ಕಳು, ಮಹಿಳೆಯರು, ವಿಕಲಚೇತನರು ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100.

ಬಲ್ಲದ್ದನ್ನು ಬರೆದು ತೋರಿಸಲಾಗದ ಮಗುವಿಗೆ ಕೊಡುವ ಹೆಚ್ಚುವರಿ ಸಮಯ ದಯೆಯಲ್ಲ, ಅದರ ಹಕ್ಕು. ಆ ಹಕ್ಕನ್ನು ಮಗು ತಾನೇ ಕೇಳಲಾರದು. ಅದರ ಪರವಾಗಿ ನಾವೇ ಕೇಳಬೇಕು.