ಮಾತು ಮಾಡುವ ಕೆಲಸ

ಬರೀ ಮಾತಿನಿಂದ ಏನಾದೀತು, ಕೆಲಸ ಮಾಡಿ ತೋರಿಸು ಎಂದು ನಮ್ಮ ಹಳ್ಳಿಗಳ ಹಿರಿಯರು ಗದರಿಸುವದುಂಟು. ಸೋಮಾರಿಗೆ ಈ ಬುದ್ಧಿವಾದವು ತಕ್ಕದ್ದೇ. ಆದರೂ ಮಾತು ಒಂದು ಕಡೆ, ಕೆಲಸ ಇನ್ನೊಂದು ಕಡೆ ಎಂದು ಪಾಲು ಹಚ್ಚುವದು ಸರಿಯೋ ಎಂಬದನ್ನು ಪ್ರಿಯ ವಾಚಕರು ಈ ಪಾಠದಲ್ಲಿ ನಮ್ಮ ಸಂಗಡ ವಿಚಾರಿಸಬೇಕು.

ದನದ ಸಂತೆಯಲ್ಲಿ ಒಬ್ಬನು ಎತ್ತಿನ ಹಲ್ಲು ನೋಡಿ ಬೆಲೆ ಕಟ್ಟುತ್ತಾನೆ. ಮಾರುವವನು ಸ್ವಲ್ಪ ಹೊತ್ತು ಎಳೆದಾಡಿ ಕಡೆಗೆ "ಆಯಿತು, ಕೊಟ್ಟೆ" ಅನ್ನುತ್ತಾನೆ. ಎತ್ತು ನಿಂತಲ್ಲೇ ನಿಂತು ಮೆಲಕು ಹಾಕುತ್ತಿರುತ್ತದೆ. ಆದರೆ ಅದರ ಒಡೆಯನು ಬದಲಾಗಿ ಹೋದನು. "ಮಳೆ ಬಂತು" ಎಂಬದು ಒಂದು ಸುದ್ದಿ. ಅದು ನಿಜವಾಗಬಹುದು, ಸುಳ್ಳೂ ಆಗಬಹುದು. "ಕೊಟ್ಟೆ" ಎಂಬದು ಸುದ್ದಿಯಲ್ಲ. ಆ ಮಾತೇ ಕೊಡುವಿಕೆ. ಮದುವೆಯಲ್ಲಿ ವಧೂವರರು ಸಭೆಯ ಮುಂದೆ ಒಪ್ಪಿ ನುಡಿಯುವದೂ, ಸಾಕ್ಷಿಯು ಪ್ರಮಾಣ ಮಾಡುವದೂ, ಕೂಸಿಗೆ ಹೆಸರಿಡುವದೂ ಇದೇ ಜಾತಿಯ ಮಾತುಗಳು. ಇಂಗ್ಲೆಂಡಿನ ಪಂಡಿತನಾದ ಆಸ್ಟಿನ್ ಎಂಬವನು 1955ರಲ್ಲಿ ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯವನ್ನು ಕುರಿತು ಉಪನ್ಯಾಸಗಳನ್ನು ಮಾಡಿದನು. ನಮ್ಮ ವಾಚಕರಾದರೋ ಇದನ್ನು ಇಸಾಕನ ಚರಿತ್ರೆಯಿಂದ ಮೊದಲೇ ಬಲ್ಲರು. ಕಣ್ಣು ಮಬ್ಬಾದ ಮುದುಕನು ಯಾಕೋಬನನ್ನು ಏಸಾವನೆಂದು ತಿಳಿದು ಹರಸಿದನು. ಮೋಸ ಹೊರಬಿದ್ದ ಮೇಲೆಯೂ ಆ ಹರಕೆಯನ್ನು ಹಿಂದಕ್ಕೆ ತಕ್ಕೊಳ್ಳಲಾರದೆ ಹೋದನು. ಅದು ಬರೀ ಸುದ್ದಿಯಾಗಿದ್ದರೆ ತಿದ್ದಬಹುದಾಗಿತ್ತು.

ಆದರೆ ಮಾತು ಎಲ್ಲಿ ಬೇಕಾದರೂ, ಯಾರ ಬಾಯಿಂದ ಬಂದರೂ ಕೆಲಸ ಮಾಡುವದಿಲ್ಲ. ಎತ್ತಿನ ಒಡೆಯನಲ್ಲದವನು ನೂರು ಸಾರಿ "ಕೊಟ್ಟೆ" ಅಂದರೂ ಎತ್ತು ಮಾರಿ ಹೋಗದು. ಆಡುವವನಿಗೆ ಅಧಿಕಾರವಿರಬೇಕು, ಕೇಳುವವರು ಅದನ್ನು ಒಪ್ಪಬೇಕು. ಇವುಗಳ ಸಂಗಡ ಮತ್ತೊಂದು ಷರತ್ತು ಉಂಟು, ಬೀದರ ಸೀಮೆಯವರು ಅದನ್ನು ಅನುಭವದಿಂದ ಕಲಿತರು. ಆಡಿದ ಭಾಷೆಯನ್ನು ಆ ಸ್ಥಳವು ಭಾಷೆಯೆಂದು ಎಣಿಸಬೇಕು.

1948ನೆಯ ಸೆಪ್ಟೆಂಬರ್ ತನಕ ನಮ್ಮ ಸೀಮೆಯು ಹೈದರಾಬಾದಿನ ನಿಜಾಮರ ರಾಜ್ಯದಲ್ಲಿತ್ತು. ಅಲ್ಲಿ 1880ರ ದಶಕದಲ್ಲಿ ಪಾರಸಿಯ ಬದಲಾಗಿ ಉರ್ದು ಕಚೇರಿಯ ಭಾಷೆಯಾಯಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ ನಡೆಯಿತು. ಭಾಲ್ಕಿಯ ಇಲ್ಲವೆ ಔರಾದಿನ ರೈತನು ಹೊಲದಲ್ಲಿ, ಅಡಿಗೆಮನೆಯಲ್ಲಿ, ಸಂತೆಯಲ್ಲಿ ಕನ್ನಡದಿಂದಲೋ ಮರಾಠಿಯಿಂದಲೋ ಕೊಟ್ಟನು, ಕೊಂಡನು, ಆಣೆಯಿಟ್ಟನು. ಕಚೇರಿಯ ಹೊಸ್ತಿಲು ದಾಟಿದ ಕೂಡಲೇ ಆ ಮಾತುಗಳ ಬಲ ಹೋಯಿತು. ಉರ್ದು ಬಲ್ಲವನೊಬ್ಬನು ಅವನ ಮಾತನ್ನು ಕಾಗದಕ್ಕೆ ಇಳಿಸಿದ ಹೊರತು ಅವನು ಅಲ್ಲಿ ಏನನ್ನೂ ಮಾಡಲಾರನು; ಬರೆದದ್ದರಲ್ಲಿ ತಾನು ಹೇಳಿದ್ದೇ ಇದೆಯೋ ಎಂದು ನೋಡಿಕೊಳ್ಳಲಾರನು. ತನ್ನ ಸ್ವಂತ ಹೊಲದ ವಿಷಯದಲ್ಲಿಯೇ ಅವನು ಮೂಕನಂತೆ ಹೆಬ್ಬೆಟ್ಟು ಒತ್ತಿ ಬರಬೇಕಾಯಿತು.

ಅರ್ಜಿ, ಹುಕುಂ, ಜಾಮೀನು, ರಾಜಿ, ತಕರಾರು, ಫಿರ್ಯಾದಿ, ಖರೀದಿ ಎಂಬ ಮಾತುಗಳನ್ನು ನೋಡಿರಿ. ಇವೆಲ್ಲಾ ಅರಬ್ಬಿ ಪಾರಸಿಗಳಿಂದ ಬಂದವುಗಳು. ನಮ್ಮಲ್ಲಿ ಮಾತ್ರವಲ್ಲ, ದೂರದ ಮೈಸೂರಿನ ಕನ್ನಡದಲ್ಲಿಯೂ ಸೇರಿವೆ. ಕಚೇರಿಯಲ್ಲಿ ಮಾಡುವ ಕೆಲಸಗಳಿಗೆ ಕಚೇರಿಯ ಭಾಷೆಯೇ ಹೆಸರು ಕೊಟ್ಟಿತು. ಹರಸು, ಶಪಿಸು, ಆಣೆಯಿಡು, ಮಾತು ಕೊಡು ಎಂಬವುಗಳಾದರೋ ಮನೆಯಲ್ಲಿಯೇ ಉಳಿದವು. ಒಂದು ಸೀಮೆಯ ಆಳಿಕೆ ಹೇಗಿತ್ತೆಂಬದನ್ನು ಅದರ ಕ್ರಿಯಾಪದಗಳಿಂದ ತಿಳಿಯಬಹುದೆಂದು ನನಗೆ ತೋರುತ್ತದೆ.

ಇದರಲ್ಲಿ ಉರ್ದುವಿನ ಮೇಲೆ ದೋಷ ಹೊರಿಸಲಾಗದು. ಬೀದರ ಪಟ್ಟಣದ ಓಣಿಗಳಲ್ಲಿ ಅದು ನಮ್ಮ ನೆರೆಯವರ ತಾಯಿಮಾತು. ದೋಷವು ಒಂದೇ ಭಾಷೆಗೆ ಕಿವಿಗೊಟ್ಟ ಕಚೇರಿಯದು. 1956ನೆಯ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೂ, ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ ಸೇರಿದವು. ಕನ್ನಡಕ್ಕೆ ಕಚೇರಿಯ ಬಾಗಲು ತೆರೆಯಿತು, ಅದು ನ್ಯಾಯವೇ. ಆದರೆ ಮರಾಠಿ ಮಾತ್ರ ಬಲ್ಲ ಔರಾದಿನ ಮುದುಕಿ ಇಂದು ಕನ್ನಡದ ಕಾಗದವನ್ನು ಕೈಯಲ್ಲಿ ಹಿಡಿದು ನಿಂತರೆ, ಅವಳ ಅವಸ್ಥೆಯು ಆ ಹಿಂದಿನ ರೈತನ ಅವಸ್ಥೆಗಿಂತ ಬಹಳ ಬೇರೆಯೋ? ನಮಗಾದದ್ದನ್ನು ಮರೆಯದವರು ಇದನ್ನೂ ಕೇಳಿಕೊಳ್ಳತಕ್ಕದ್ದು.

ಆ ನಿಜಾಮರ ಕಾಲದಲ್ಲಿ ಖಾಸಗಿಯಾಗಿ ಕನ್ನಡ ಶಾಲೆ ನಡಿಸುವದು ಸುಲಭವಿರಲಿಲ್ಲ. ಕಮಲನಗರದಲ್ಲಿ ಹುಟ್ಟಿ ಭಾಲ್ಕಿಯ ಹಿರೇಮಠದ ಅಧಿಪತಿಗಳಾಗಿದ್ದ ಚನ್ನಬಸವ ಪಟ್ಟದ್ದೇವರು (1889–1999) ಹೊರಗೆ ಉರ್ದುವಿನ ಹಲಗೆಯನ್ನು ತೂಗಹಾಕಿ ಒಳಗೆ ಕನ್ನಡ ಕಲಿಸಿದರೆಂಬದು ಜಿಲ್ಲೆಯಲ್ಲೆಲ್ಲಾ ಪ್ರಸಿದ್ಧವಾದ ಸಂಗತಿ. ಬೀದರ ಪಟ್ಟಣದ ರಂಗಮಂದಿರವು ಅವರ ಹೆಸರನ್ನೇ ಹೊತ್ತಿದೆ. ಆ ಹಲಗೆಯು ಹೇಳಿದ್ದು ಒಂದು, ಮಾಡಿದ್ದು ಇನ್ನೊಂದು. ಅದರ ಅಕ್ಷರಗಳು ಅಧಿಕಾರಿಗೆ ವಿಧೇಯತೆಯನ್ನು ತೋರಿಸಿದವು. ಅದರ ಕೆಲಸವಾದರೋ ಒಳಗಿದ್ದ ಮಕ್ಕಳನ್ನು ಕಾಯುವದಾಗಿತ್ತು. ಇದು ಸುಳ್ಳಲ್ಲವೋ ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ತಳ್ಳಿಬಿಡಲಾಗದು. ಆದರೂ ಮಕ್ಕಳಿಗೆ ಅವರ ಮನೆಮಾತನ್ನು ಕಲಿಸುವದಕ್ಕೆ ಹಲಗೆಯ ಮರೆ ಬೇಕಾಗುವಂತೆ ಮಾಡಿದವರು ಯಾರೆಂದು ಮೊದಲು ಕೇಳಬೇಕು. ಅದೇ "ಅ, ಆ" ಬೇರೆ ಊರಿನಲ್ಲಿ ಬರೀ ಪಾಠವಾಗಿದ್ದೀತು. ಆ ಗೋಡೆಗಳೊಳಗೆ ಅದು ಪ್ರತಿಭಟನೆಯಾಗಿತ್ತು.

ರಾಜರ ಕಚೇರಿಯ ಮಾತು ಇಷ್ಟಿರಲಿ. ನಮ್ಮ ಬಾಯಿಯೊಳಗಿನ ಕಚೇರಿಯನ್ನು ನೋಡುವ. ನಮ್ಮ ಜಿಲ್ಲೆಯ ಬಸವಕಲ್ಯಾಣವೇ ಹನ್ನೆರಡನೆಯ ಶತಮಾನದ ಶರಣರ ಕಲ್ಯಾಣವು. ಅಲ್ಲಿ ಸಮಗಾರನಾದ ಹರಳಯ್ಯನು ದಾರಿಯಲ್ಲಿ ಬಸವಣ್ಣನವರಿಗೆ "ಶರಣು" ಅಂದನೆಂದೂ, ಅವರು ಪ್ರತಿಯಾಗಿ "ಶರಣು ಶರಣಾರ್ಥಿ" ಅಂದರೆಂದೂ ಜನರಲ್ಲಿ ಕಥೆಯುಂಟು. ಒಂದಕ್ಕೆ ಎರಡು ಬಂದ ಕಾರಣ ಆ ಹೆಚ್ಚಿನ ಮಾತು ಹರಳಯ್ಯನ ಮೇಲೆ ಸಾಲವಾಗಿ ಕೂತಿತು. ಅದನ್ನು ತೀರಿಸುವದಕ್ಕೆ ಅವನೂ ಅವನ ಹೆಂಡತಿಯೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದರಂತೆ. ಕಥೆಯಲ್ಲಿ ನಡೆದದ್ದು ಏನು? ಒಂದು ವಂದನೆ. ಅಷ್ಟೇ. ಆದರೆ ಮಂತ್ರಿಯು ಸಮಗಾರನಿಗೆ ಹಾಗೆ ನುಡಿದದ್ದೇ ಅವನನ್ನು ಎತ್ತಿ ನಿಲ್ಲಿಸಿತು. ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ ಎಂಬ ಹೆಸರುಗಳ ಕೊನೆಯಲ್ಲಿರುವ "ಅಯ್ಯ" ಎಂಬ ಮಾತೂ ಇಂಥದೇ ಕೆಲಸವನ್ನು ಮಾಡುತ್ತದೆ.

ಇದಕ್ಕೆ ಎದುರಾದದ್ದನ್ನು ನಮ್ಮ ಸಭೆಗಳ ಹಿರಿಯರಿಗೆ ವಿವರಿಸಿ ಹೇಳಬೇಕಾಗಿಲ್ಲ. ತಲೆ ನರೆತ ಕೂಲಿಯವನನ್ನು ಗೌಡರ ಮನೆಯ ಹತ್ತು ವರುಷದ ಹುಡುಗನು "ಬಾರೋ" ಎಂದು ಕೂಗುತ್ತಾನೆ. ಮುದುಕನು "ಬಂದೆನ್ರೀ ಧಣಿ" ಅನ್ನುತ್ತಾನೆ. ಬಯ್ಗುಳವಿಲ್ಲ, ಹೊಡೆತವಿಲ್ಲ. ಆದರೂ ಇಬ್ಬರ ಸ್ಥಳಗಳು ಆ ಎರಡು ಮಾತುಗಳಿಂದಲೇ ಆ ದಿನಕ್ಕೆ ಮತ್ತೆ ಗೊತ್ತುಮಾಡಲ್ಪಟ್ಟವು. ಕನ್ನಡದಲ್ಲಿ ಬಾ, ಬರ್ರಿ ಎಂಬವುಗಳಲ್ಲಿ ಒಂದನ್ನು ಆರಿಸದೆ ಒಬ್ಬನನ್ನು ಕರೆಯುವದೇ ಕಷ್ಟ. ಆದಕಾರಣ ಮಗುವು ಭಾಷೆಯನ್ನು ಕಲಿಯುವಾಗಲೇ ಮೇಲು ಕೀಳುಗಳನ್ನೂ ಕಲಿಯುತ್ತದೆ. ಮಾವ ಎಂಬ ಮಾತೂ ಹೀಗೆಯೇ. ತಾಯಿಯ ಅಣ್ಣತಮ್ಮಂದಿರಿಗೂ ಹೆಂಡತಿಯ ತಂದೆಗೂ ಅದೊಂದೇ ಹೆಸರಿರುವದರಿಂದ, ಹೆಣ್ಣು ತರುವ ಮನೆ ಯಾವದೆಂಬದು ಮಗುವಿಗೆ ವ್ಯಾಕರಣದಂತೆ ಬಂದುಬಿಡುತ್ತದೆ. ಭಾಷೆಯು ಪದ್ಧತಿಯನ್ನು ಹುಟ್ಟಿಸಿತೋ, ಪದ್ಧತಿಯು ಭಾಷೆಯನ್ನೋ ಎಂಬ ವಾದವು ಪಂಡಿತರಿಗಿರಲಿ. ಮಗುವಿಗೆ ಮೊದಲು ಸಿಕ್ಕುವದು ಮಾತೇ.

ಸರಕಾರವೂ ಇದನ್ನು ಬಲ್ಲದು. ಪರಿಶಿಷ್ಟ ಜಾತಿ ಮತ್ತು ಪಂಗಡದವರ ಮೇಲಿನ ದೌರ್ಜನ್ಯವನ್ನು ತಡೆಯುವ 1989ರ ಕಾಯಿದೆಯು ಅವರನ್ನು ಜನರೆದುರಿನಲ್ಲಿ ಬೇಕೆಂದು ಅವಮಾನಿಸುವದನ್ನು ಶಿಕ್ಷಾರ್ಹವಾಗಿ ಮಾಡಿತು; 2015ರ ತಿದ್ದುಪಡಿಯು ಜಾತಿಯ ಹೆಸರು ಹಿಡಿದು ಬಯ್ಯುವದನ್ನು ಬೇರೆಯಾಗಿಯೇ ಹೆಸರಿಸಿತು. ಆದರೆ "ಬಾರೋ" ಎಂಬದು ಬಯ್ಗುಳವಲ್ಲವಾದದರಿಂದ ಅದನ್ನು ಕಾಯಿದೆಗೆ ಒಪ್ಪಿಸಿ ಕೈ ತೊಳಕೊಳ್ಳುವ ಹಾಗಿಲ್ಲ.

ಮುಂದಿನ ಕೂಟಕ್ಕೆ ಬರುವವರು ಎರಡು ಸಂಗತಿಗಳನ್ನು ವಿಚಾರಿಸಿಕೊಂಡು ಬರಲಿ. ಮನೆಯಲ್ಲಿ ಹಳೆಯ ಹೊಲದ ಕಾಗದವಿದ್ದರೆ ಅದು ಯಾವ ಭಾಷೆಯಲ್ಲಿದೆ, ಅದನ್ನು ಅಜ್ಜನಿಗೆ ಯಾರು ಓದಿ ಹೇಳಿದರು ಎಂದು ಹಿರಿಯರನ್ನು ಕೇಳಿರಿ. ಹಾಗೆಯೇ ಒಂದು ದಿನದಲ್ಲಿ ನೀವು ಯಾರಾರಿಗೆ "ಬಾ" ಅಂದಿರಿ, ಯಾರಾರಿಗೆ "ಬರ್ರಿ" ಅಂದಿರಿ ಎಂಬದನ್ನು ಬರೆದಿಡಿರಿ. ಓದು ಬಾರದವರು ಬೆರಳೆಣಿಸಿಕೊಂಡರೂ ಸಾಕು.